ಚಪ್ಪಾಳೆ ಬೇಡ, ಹಗ್ಗ ಹಿಡಿಯಿರಿ

ನನ್ನ ವಾರಗಿತ್ತಿಗೆ ಹಲ್ಲು ಬಿಟ್ಟು ನಗುವವರನ್ನು ಕಂಡರೆ ಆಗುವುದಿಲ್ಲ. ಅವಳ ಕೆಲಸ ಅಂಥದ್ದು. ಪರದೇಶದ ಈ ಊರಿಗೆ ಬಂದ ಹೊಸದರಲ್ಲಿ ಕಟ್ಟುಹಲ್ಲು ಮಾಡುವ ಜಾಗದಲ್ಲಿ ನೆಲ ಒರೆಸಿಕೊಂಡಿದ್ದಳು. ಆಮೇಲೆ ಮೇಣ ಕೆತ್ತುವ ಮೇಜಿಗೆ ಹೋದಳು. ದಿನವಿಡೀ ಕಂಡವರ ಬಾಯಿಯ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಇಲ್ಲದ ಹಲ್ಲಿಗೆ ಹಲ್ಲು, ಇಲ್ಲದ ವಸಡಿಗೆ ವಸಡು ಕೂಡಿಸುತ್ತಾಳೆ. ಹಾಗಾಗಿ ಯಾರಾದರೂ ಅವಳ ಮುಂದೆ ನಿಂತು ಅಗಲವಾಗಿ ನಕ್ಕರೆ ಅವಳಿಗೆ ನಗು ಕಾಣುವುದಿಲ್ಲ, ಸಾಮಾನು ಕಾಣುತ್ತದೆ. "ಮೇಲಿನ ನಾಲ್ಕೂ ಸುಳ್ಳು," ಎಂದು ನಮ್ಮ ಭಾಷೆಯಲ್ಲಿ ನನಗೊಬ್ಬಳಿಗೇ ಕೇಳುವಂತೆ ಹೇಳಿ ಮುಖ ತಿರುಗಿಸುತ್ತಾಳೆ.

ಅವಳ ಗಂಡ ನನ್ನ ಗಂಡನ ಅಣ್ಣ. ಭಾವ ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯ ವ್ಯಾನು ಓಡಿಸುತ್ತಾರೆ. ನಾವಿಬ್ಬರೂ ಅದೇ ಕಾರ್ಖಾನೆಯೊಳಗೆ. ನನ್ನ ಗಂಡ ಒಣಗಿಸುವ ಯಂತ್ರದ ಹತ್ತಿರ, ನಾನು ಹಾಸಿಗೆ ಬಟ್ಟೆ ಮಡಿಸುವ ಸಾಲಿನಲ್ಲಿ. ಎರಡು ಸಂಸಾರವೂ ಒಂದೇ ಕಟ್ಟಡದಲ್ಲಿದೆ. ಅವರ ಮನೆ ನಮ್ಮ ಮನೆಯ ಮೇಲೆ. ಅಂದರೆ ವಾರಗಿತ್ತಿ ಅಕ್ಷರಶಃ ನನ್ನ ತಲೆಯ ಮೇಲೆ ಕೂತಿದ್ದಳು, ಮತ್ತು ಬಹಳ ವರ್ಷ ನಮ್ಮಿಬ್ಬರ ಸಂಬಂಧವೂ ಹಾಗೆಯೇ ಇತ್ತು. ಎದುರಿಗೆ ಅಕ್ಕ ಎನ್ನುತ್ತಿದ್ದೆ. ಬೆನ್ನ ಹಿಂದೆ ಏನೆನ್ನುತ್ತಿದ್ದೆ ಎಂಬುದು ಬೇಡ.

ನಾನು ದಪ್ಪ. ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುವುದು ರೂಢಿ. ಅಕ್ಕ ಕಡ್ಡಿಯಂಥವಳು, ಮೊಣಕೈ, ಮೊಣಕಾಲು, ನಾಲಿಗೆ, ಎಲ್ಲ ಚೂಪು. ಅವಳಪ್ಪ ಆಂಬುಲೆನ್ಸ್ ಓಡಿಸುತ್ತಿದ್ದವರು. ಆಸ್ಪತ್ರೆಯ ಹಿಂದಿನ ಸಾಲುಮನೆಗಳಲ್ಲಿ ಬೆಳೆದವಳು. ಯಾರ ಮನೆಯ ಬೀಗದ ಕೈ ಒಳಗೇ ಉಳಿದುಹೋದರೂ ಇವಳನ್ನು ಕೂಗುತ್ತಿದ್ದರಂತೆ. ಪೈಪು ಹಿಡಿದು, ಕಿಟಕಿಯ ಅಂಚು ಹಿಡಿದು ಮೇಲೇರಿ, ಬಚ್ಚಲ ಗವಾಕ್ಷಿಯಿಂದ ಒಳಗೆ ನುಸುಳಿ ಬಾಗಿಲು ತೆಗೆಯುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅಟ್ಟದ ಮೇಲಿನ ಪಾತ್ರೆ ಬೇಕಾದಾಗ ಏಣಿ ಕೇಳದೆ ಗೋಡೆ ಹತ್ತಿದ್ದಕ್ಕೆ ನಮ್ಮ ಅತ್ತೆ ಅವಳಿಗೆ 'ಉಡ' ಎಂದು ಹೆಸರಿಟ್ಟರು. ಅತ್ತೆ ಅದನ್ನು ಹೊಗಳಿಕೆಯಾಗಿ ಇಟ್ಟದ್ದಲ್ಲ.

ಅಕ್ಕ ಕೆಲಸ ಮಾಡುವ ಜಾಗಕ್ಕೆ ತಾಗಿಕೊಂಡು ಹಳೆಯ ಹಿಟ್ಟಿನ ಗಿರಣಿ ಇತ್ತು. ಗಿರಣಿ ಮುಚ್ಚಿತು, ಕೆಲ ಕಾಲ ಪಾರಿವಾಳಗಳು ಅನುಭವಿಸಿದವು, ಆಮೇಲೆ ಅದು ಗೋಡೆ ಹತ್ತುವವರ ಪಾಲಾಯಿತು. ಒಳಗೆ ಸೂರಿನವರೆಗೆ ಹಲಗೆಯ ಗೋಡೆ, ಗೋಡೆಯ ತುಂಬ ಬಣ್ಣಬಣ್ಣದ ಹಿಡಿಕೆಗಳು, ಮೇಲಿನ ಕಬ್ಬಿಣದ ಬಳೆಗಳಿಂದ ಇಳಿಬಿದ್ದ ಹಗ್ಗಗಳು. ಅಕ್ಕನ ಮೇಜಿನ ಕಿಟಕಿಗೆ ಆ ಗೋಡೆಯ ಮೇಲರ್ಧ ಕಾಣುತ್ತಿತ್ತು. ಒಂದು ಕಡೆ ಮೇಣದ ಹಲ್ಲು ಕೆತ್ತುತ್ತ, ಇನ್ನೊಂದು ಕಡೆ ಜನ ಹತ್ತುವುದನ್ನೂ ಜಾರುವುದನ್ನೂ ನೋಡುತ್ತ ಕೂತಳು. ಮನೆಗೆ ಬಂದು ಭಾವನಿಗೆ ವರದಿ ಒಪ್ಪಿಸುತ್ತಿದ್ದಳು.

"ಕೈಯಲ್ಲೇ ನೇತಾಡ್ತಾರೆ ರೀ. ಕಾಲು ಅಂತ ಎರಡು ಇದೆ ಅನ್ನೋದೇ ಗೊತ್ತಿಲ್ಲ ಆ ದಡ್ಡರಿಗೆ."

"ನಿಂಗ್ಯಾಕೆ ಅವರ ಕಾಲಿನ ಉಸಾಬರಿ?" ಎಂದರು ಭಾವ.

ಒಂದು ದಿನ ಗಿರಣಿಯ ಬಾಗಿಲಿಗೆ ದೊಡ್ಡ ಭಿತ್ತಿಪತ್ರ ಬಿತ್ತು: ಈ ಗೋಡೆ ಎಲ್ಲರದ್ದು. ಯಾವ ದೇಶದವರಾದರೂ, ಯಾವ ಮೈಯವರಾದರೂ, ಯಾವ ವಯಸ್ಸಿನವರಾದರೂ ಬನ್ನಿ, ಇದು ನಿಮ್ಮ ಮನೆ. ಅಕ್ಕ ಓದಿದಳು, ಏಪ್ರನ್ ಬಿಚ್ಚಿಟ್ಟಳು, ಒಳಗೆ ಹೋದಳು.

ಮುಂದಿನದು ಅಕ್ಕ ಹೇಳಿದ್ದು. ನಾನು ಆಗಿನ್ನೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಒಳಗೆ ಅವಳನ್ನು ಬರಮಾಡಿಕೊಂಡವನು ಆ ಕೂಟದ ಮುಖ್ಯಸ್ಥ. ಮಾತಾಡುವಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುವ ಜಾತಿ. ಅಕ್ಕ ಅವನಿಗೆ ಅಲ್ಲೇ ನಿಂತ ಜಾಗದಲ್ಲಿ ಸಕ್ಕರೆರಾಯ ಎಂದು ಹೆಸರಿಟ್ಟಳು. ನೀವು ಬಂದದ್ದರಿಂದ ನಮ್ಮ ಗೋಡೆಗೆ ಕಳೆ ಬಂತು ಎಂದನಂತೆ. ಹಗ್ಗ ಕಟ್ಟುವ ಮೊದಲೇ ಫೋಟೋ ತೆಗೆಸಿದ. ಮುಂದಿನ ವಾರವೇ ಭಿತ್ತಿಪತ್ರದ ಮೇಲೆ ಅಕ್ಕನ ಮುಖ ಬಂತು. ಗೋಡೆಯ ಮೇಲೆ ಮಾತ್ರ ಅವಳ ಪಾದ ಬೀಳಲಿಲ್ಲ. ಯಾಕೆಂದರೆ ಅಲ್ಲಿ ಹತ್ತಬೇಕಾದರೆ ಜೋಡಿ ಬೇಕು: ಒಬ್ಬರು ಹತ್ತುತ್ತಾರೆ, ಇನ್ನೊಬ್ಬರು ಕೆಳಗೆ ನಿಂತು ಹಗ್ಗದ ಇನ್ನೊಂದು ತುದಿ ಹಿಡಿಯುತ್ತಾರೆ. ಎಲ್ಲರಿಗೂ ಅವರವರ ಜೋಡಿ ಇತ್ತು. ಅಕ್ಕ ಹತ್ತಿರ ಹೋದರೆ ನಗುತ್ತಿದ್ದರು. ಬರೀ ನಗುತ್ತಿದ್ದರು. ಅಷ್ಟೊಂದು ಸುಳ್ಳು ಹಲ್ಲನ್ನು ಒಂದೇ ಕಡೆ ಅವಳು ತನ್ನ ಕೆಲಸದ ಜಾಗದಲ್ಲೂ ಕಂಡಿರಲಿಲ್ಲವಂತೆ.

ನಿಮ್ಮಂಥವರಿಗೆ ಬೇರೆಯೇ ಒಂದು ಸಂಜೆ ಇದೆ ಎಂದ ಸಕ್ಕರೆರಾಯ. ಅಕ್ಕ ಆ ಸಂಜೆಗೂ ಹೋದಳು. ಗೋಡೆಗೆ ಬೆನ್ನು ಹಾಕಿ ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು. ಒಬ್ಬೊಬ್ಬರೂ ಮನಸ್ಸು ಬಿಚ್ಚಿ ಮಾತಾಡಬೇಕು, ಉಳಿದವರು ತಲೆದೂಗಬೇಕು.

"ನಿಮ್ಮ ಪಯಣದ ಬಗ್ಗೆ ಹೇಳಿ," ಎಂದ ಸಕ್ಕರೆರಾಯ ಅಕ್ಕನಿಗೆ.

"ಪಕ್ಕದ ಬಾಗಿಲಿಂದ ಬಂದೆ. ನಡ್ಕೊಂಡು," ಎಂದಳು ಅಕ್ಕ. "ಹಗ್ಗ ಯಾವಾಗ ಕೊಡ್ತೀರ?"

ಎಲ್ಲರೂ ತಲೆದೂಗಿದರು.

ಆ ದುಂಡಗಿನ ಸಾಲಿನಲ್ಲಿ ಇನ್ನಿಬ್ಬರು ಇದ್ದರು. ಒಬ್ಬ ಬಸ್ ಚಾಲಕನಾಗಿದ್ದವನು, ಆನೆಯಂಥ ಆಳು. ಡಿಪೋದಲ್ಲಿ ಬಸ್ಸೊಂದು ಹಿಂದಕ್ಕೆ ಉರುಳಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು; ಈಗ ಅಲ್ಲಿ ಕೃತಕ ಕಾಲು. ನಾವಿಬ್ಬರೇ ಇದ್ದಾಗ ನಾನೂ ಅಕ್ಕನೂ ಅವನನ್ನು ಬಸ್ಸಣ್ಣ ಎನ್ನುತ್ತೇವೆ. ಇನ್ನೊಬ್ಬಳು ಹುಟ್ಟು ಕಿವುಡಿಯಾದ ದರ್ಜಿ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ಆದರೆ ಮನಸ್ಸು ಬಿಚ್ಚುವವರೆಲ್ಲ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದುದರಿಂದ ಅವಳಿಗೆ ಒಂದಕ್ಷರವೂ ಸಿಗದೆ, ಯಾರದೋ ಹರಿದ ಚೀಲ ಹೊಲಿಯುತ್ತ ಕೂತಿದ್ದಳು. ಬಸ್ಸಣ್ಣನ ಸರದಿ ಬಂತು. ಕಾಲು ಹೋದ ಕತೆಯನ್ನು ಅವನು ಎಷ್ಟನೆಯ ಸಲವೋ ಹೇಳಿದ. ಕೇಳುತ್ತಿದ್ದವರು ಕಣ್ಣೊರೆಸಿಕೊಂಡರು. ಅಕ್ಕ ಅವನ ಕಡೆಗೆ ತಿರುಗಿ, "ಹೋದದ್ದರ ಕತೆ ಆಯ್ತು. ಉಳಿದಿರೋ ಕಾಲು ಏನು ಮಾಡುತ್ತೆ?" ಎಂದು ಕೇಳಿದಳು.

ಯಾರೋ ಉಸಿರು ಎಳೆದುಕೊಂಡರಂತೆ. ಸಕ್ಕರೆರಾಯನ ಕೈ ಎದೆಗೆ ಹೋಯಿತಂತೆ. ಬಸ್ಸಣ್ಣ ಮಾತ್ರ ಕುರ್ಚಿ ಅಲುಗುವ ಹಾಗೆ ನಕ್ಕ. "ಹಿಂದಿನ ಎರಡು ಹಲ್ಲು ಇಲ್ಲ, ಮುಚ್ಚಿಕೊಳ್ಳೋ ಯೋಚನೆನೂ ಇಲ್ಲ," ಎಂದಳು ಅಕ್ಕ ನನ್ನ ಹತ್ತಿರ. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಮೂವರೂ ಕುರ್ಚಿ ಬಿಟ್ಟೆದ್ದು ಗಿರಣಿಯ ಹಿಂದಿನ ಮೂಲೆಯ ಗೋಡೆಗೆ ಹೋದರು. ಅಲ್ಲಿನ ಮೇಲ್ವಿಚಾರಕ ಮಾತೇ ಆಡದ ಮನುಷ್ಯ. ಸೊಂಟದ ಪಟ್ಟಿ ಹೇಗೆ ಬಿಗಿಯಬೇಕು, ಹಗ್ಗವನ್ನು ಎಂಟರ ಆಕಾರದಲ್ಲಿ ಸುತ್ತಿ ಗಂಟು ಹೇಗೆ ಹಾಕಬೇಕು, ಹತ್ತುವವನು ಜಾರಿದಾಗ ಹಗ್ಗ ತಡೆಯುವ ಬಿಲ್ಲೆಯನ್ನು ಹೇಗೆ ಹಿಡಿಯಬೇಕು, ಎಲ್ಲವನ್ನೂ ಬೆರಳಲ್ಲೇ ತೋರಿಸಿ, ತಪ್ಪಿದಾಗ ಬಿಚ್ಚಿಸಿ, ಮತ್ತೆ ಕಟ್ಟಿಸಿ ಕಲಿಸಿದ. ಅವನು ನಗುತ್ತಿರಲಿಲ್ಲ ಎಂಬುದು ಅಕ್ಕನಿಗೆ ಹಿಡಿಸಿತು.

ಒಂದು ತೊಂದರೆ ಇತ್ತು. ಬಸ್ಸಣ್ಣ ಜಾರಿದಾಗ ಹಗ್ಗದ ಇನ್ನೊಂದು ತುದಿಯಲ್ಲಿದ್ದವಳು ಅಕ್ಕ. ಅವನು ಕೆಳಗೆ ಬಂದ, ಇವಳು ಮೇಲೆ ಹೋದಳು. ಗೋಡೆಯ ನಡುವೆ ಇಬ್ಬರೂ ಮುಖಕ್ಕೆ ಮುಖ ಸಿಕ್ಕರಂತೆ.

ಆ ರಾತ್ರಿ ಊಟ ಮುಗಿಯುತ್ತಿದ್ದಂತೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ನಾನು ಪಾತ್ರೆ ತೊಳೆಯುತ್ತಿದ್ದೆ.

"ನಾಳೆ ಕೆಲಸ ಮುಗಿದ ಮೇಲೆ ನನ್ನ ಜೊತೆ ಬಾ," ಎಂದಳು ಅಕ್ಕ.

"ಎಲ್ಲಿಗೆ?"

"ಗೋಡೆಗೆ. ನಿನ್ನ ತೂಕ ಬೇಕು."

ನನ್ನ ಕೈಯ ಸೌಟು ಸಿಂಕಿಗೆ ಬಿತ್ತು. ಚಿಕ್ಕಂದಿನಿಂದ ನನ್ನ ತೂಕದ ಬಗ್ಗೆ ಕೇಳದ ಮಾತಿಲ್ಲ. ಕಡಿಮೆ ಮಾಡು ಎಂದವರಿದ್ದಾರೆ, ಪಾಪ ಎಂದವರಿದ್ದಾರೆ, ಬಸ್ಸಿನ ಸೀಟಿನಲ್ಲಿ ಪಕ್ಕಕ್ಕೆ ಸರಿದು ನಿಟ್ಟುಸಿರು ಬಿಟ್ಟವರಿದ್ದಾರೆ. ಬೇಕು ಎಂದವರು ಒಬ್ಬರೂ ಇರಲಿಲ್ಲ.

"ಬೈಯೋದಕ್ಕೂ ಒಂದು ರೀತಿ ಇರುತ್ತೆ ಅಕ್ಕ," ಎಂದೆ.

"ಬೈತಾ ಇಲ್ಲ. ಕೆಲಸ ಹೇಳ್ತಾ ಇದೀನಿ. ಅಲ್ಲಿ ಕಡ್ಡಿಗಳೇ ತುಂಬಿದಾವೆ, ಒಂದಕ್ಕೂ ಅವನನ್ನ ತಡೆಯೋ ತಾಕತ್ತಿಲ್ಲ. ಬರ್ತೀಯೋ ಇಲ್ಲವೋ?"

ಹೋದೆ. ಯಾಕೆ ಹೋದೆ ಎಂದು ನನ್ನ ಗಂಡ ಈಗಲೂ ಕೇಳುತ್ತಾರೆ. ಹಗ್ಗ ಬಿಲ್ಲೆಯೊಳಗೆ ಹಾದು, ಬಸ್ಸಣ್ಣ ಮೇಲೆ ಜಾರಿ, ಅವನ ಇಡೀ ಭಾರ ನನ್ನ ಸೊಂಟಕ್ಕೆ ಬಂದು ನಿಂತಾಗ ನಾನು ನಿಂತ ಜಾಗ ಬಿಟ್ಟು ಕದಲಲಿಲ್ಲ. ಅವನು ಮೇಲಿನಿಂದ ಬಗ್ಗಿ ನೋಡಿ, "ಯಾರದು? ಗೋಡೆಗೇ ಕಟ್ಟಿದ್ದೀರಾ ಹಗ್ಗಾನ?" ಎಂದ. ಅದಕ್ಕಿಂತ ಒಳ್ಳೆಯ ಮಾತನ್ನು ಈ ದೇಶದಲ್ಲಿ ನನಗೆ ಯಾರೂ ಹೇಳಿಲ್ಲ.

ಹೀಗೆ ನಾವು ನಾಲ್ವರಾದೆವು. ಅಕ್ಕ ಎಲ್ಲರನ್ನೂ ಒಂದೇ ಸಮ ಉಗಿಯುತ್ತಿದ್ದಳು. ಬಸ್ಸಣ್ಣನಿಗೆ, "ಕೈ ನೆಚ್ಚಿಕೊಂಡು ಸಾಯ್ಬೇಡ, ಒಳ್ಳೆ ಕಾಲಿಗೆ ಭಾರ ಹಾಕು, ಅದನ್ನ ಮನೇಲಿ ಮಲಗಿಸೋಕೆ ತಂದಿದೀಯಾ?" ದರ್ಜಿಗೆ ಕೈಸನ್ನೆಯಲ್ಲೇ ಬೈಗುಳ. ನನಗಂತೂ ಬಿಡಿ. ದರ್ಜಿಯೂ ಏನು ಕಡಿಮೆಯಲ್ಲ. ಅಕ್ಕ ಹತ್ತುವ ರೀತಿಯನ್ನು ಕೋಳಿ ಕೆದಕುವ ಹಾಗೆ ಮಾಡಿ ತೋರಿಸುತ್ತಿದ್ದಳು. ಆ ಮೂಲೆಯಲ್ಲಿ ಪಾಪ ಎಂಬ ಪದ ಯಾರ ಬಾಯಿಗೂ ಬರಲಿಲ್ಲ. ಬಂದಿದ್ದರೆ ಅಕ್ಕ ಆ ಬಾಯಿಯ ಅಚ್ಚು ತೆಗೆಯುತ್ತಿದ್ದಳೇನೋ.

ಸುದ್ದಿ ನಮ್ಮವರ ಸಂಘಕ್ಕೂ ಮುಟ್ಟಿತು. ಬಾಡಿಗೆ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಸೇರಿ, ಯಾರು ಯಾವ ಕಾರು ಕೊಂಡರು ಎಂದು ಲೆಕ್ಕ ಹಾಕಿಕೊಂಡು ಚದುರುವ ಗುಂಪು ಅದು. ಸಂಘದ ಕಾರ್ಯದರ್ಶಿಯ ಹೆಂಡತಿ ಅಕ್ಕನನ್ನು ಕಾಫಿ ಪಾತ್ರೆಯ ಹತ್ತಿರ ಅಡ್ಡಹಾಕಿದಳು. "ಅಲ್ಲಾ, ಈ ವಯಸ್ಸಲ್ಲಿ ಗೋಡೆ ಹತ್ತೋದಂತೆ? ಗಂಡಸರ ಜೊತೆ ಬೇರೆ? ನಿಮ್ಮ ಯಜಮಾನರು ಏನೂ ಹೇಳಲ್ವಾ?"

"ಹೇಳ್ತಾರೆ," ಎಂದಳು ಅಕ್ಕ. "ಗಂಟು ಗಟ್ಟಿ ಹಾಕ್ಕೋ ಅಂತಾರೆ."

ಭಾವ ಅಲ್ಲೇ ಪಕ್ಕದಲ್ಲಿ ಕಪ್ಪು ಹಿಡಿದು ನಿಂತಿದ್ದರು. ಹಾಗೆ ಅವರು ಯಾವತ್ತೂ ಹೇಳಿರಲಿಲ್ಲ. ಆದರೂ ಹೌದೆಂದು ತಲೆಯಾಡಿಸಿದರು. ಆ ದಿನದಿಂದ ನನಗೆ ಭಾವನ ಮೇಲೆ ಸ್ವಲ್ಪ ಗೌರವ ಬಂತು.

ಬಸ್ಸಣ್ಣ ಗೋಡೆಯ ಅರ್ಧದವರೆಗೆ ತಾನಾಗಿ ಹೋಗುವಷ್ಟಾದಾಗ ಸಕ್ಕರೆರಾಯನಿಗೆ ನಮ್ಮ ಮೂಲೆ ಕಣ್ಣಿಗೆ ಬಿತ್ತು. ಕೂಟಕ್ಕೆ ನೆರವು ಕೊಡುವ ದೊಡ್ಡ ಮನುಷ್ಯರು ಬರುವ ದಿನ ಹತ್ತಿರವಾಗಿತ್ತು. ಬಸ್ಸಣ್ಣ ಎಲ್ಲರ ಮುಂದೆ ದೊಡ್ಡ ಗೋಡೆ ಹತ್ತಬೇಕು, ತುದಿಯಲ್ಲಿರುವ ಗಂಟೆ ಬಾರಿಸಬೇಕು, ಜನಕ್ಕೆ ಸ್ಫೂರ್ತಿ ಬೇಕು ಎಂದ.

"ಅವನಿಗೆ ತುದಿಯವರೆಗೆ ಇನ್ನೂ ಆಗಲ್ಲ," ಎಂದಳು ಅಕ್ಕ.

"ನಾವೆಲ್ಲ ಇದ್ದೀವಲ್ಲ," ಎಂದು ಸಕ್ಕರೆರಾಯ ಎದೆ ಮುಟ್ಟಿಕೊಂಡ.

ಬಸ್ಸಣ್ಣನೇ ಒಪ್ಪಿದ. ಹೋದಷ್ಟು ಹೋಗ್ತೀನಿ, ನೋಡೋರು ನೋಡ್ಲಿ ಎಂದ.

ಆ ದಿನ ಗಿರಣಿಯ ತುಂಬ ಜನ. ಇಸ್ತ್ರಿ ಮಾಡಿದ ಮುಖಗಳು, ಕೈಯಲ್ಲಿ ಗಾಜಿನ ಲೋಟಗಳು. ನಾನು ದೊಡ್ಡ ಗೋಡೆಯ ಬುಡದಲ್ಲಿ ಹಗ್ಗ ಹಿಡಿದು ನಿಂತೆ. ಬಸ್ಸಣ್ಣ ಶುರುಮಾಡಿದ. ಮೊದಲ ಭಾಗ ಚೆನ್ನಾಗಿ ಹೋಯಿತು. ನಡುವೆ ಒಂದು ಹಿಡಿಕೆ ದೂರವಿತ್ತು; ಅಲ್ಲಿ ಅವನು ನಿಂತು, ಕೃತಕ ಕಾಲಿಗೆ ಜಾಗ ಹುಡುಕುತ್ತಿದ್ದ. ಹುಡುಕುವುದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತು ಲೋಟ ಹಿಡಿದವರಿಗೆ ಬೇಸರ ತಂದಿರಬೇಕು. ಸಕ್ಕರೆರಾಯ ಕಣ್ಸನ್ನೆ ಮಾಡಿದ. ಕೂಟದ ಇಬ್ಬರು ಗಟ್ಟಿಗರು ಬಂದು ನನ್ನ ಮುಂದೆ ಇಳಿಬಿದ್ದಿದ್ದ ಹಗ್ಗಕ್ಕೆ ಕೈಹಾಕಿ ಜಗ್ಗತೊಡಗಿದರು.

ಬಸ್ಸಣ್ಣನ ಕಾಲು ಗೋಡೆಯಿಂದ ಕಿತ್ತುಬಂತು. ಗೋಣಿಚೀಲದ ಹಾಗೆ ಅವನು ಮೇಲಕ್ಕೆ ಏರುತ್ತಿದ್ದ, ಗಾಳಿಯಲ್ಲಿ ತಿರುಗುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು.

"ಯಾರು ಎಳೀತಿರೋದು?" ಎಂದು ಅವನು ಮೇಲಿನಿಂದ ಕೂಗಿದ.

"ಬಿಡ್ರೋ ಹಗ್ಗಾನ!" ಎಂದು ನಾನು ನಮ್ಮ ಭಾಷೆಯಲ್ಲೇ ಕಿರುಚಿದೆ.

"ಸಹಾಯ ಮಾಡ್ತಿದೀವಿ," ಎಂದ ಅವರಲ್ಲೊಬ್ಬ, ನಗುತ್ತ.

ಬಿಲ್ಲೆ ಹಿಡಿದ ಕೈ ಸಡಿಲಿಸುವಂತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಸೊಂಟವನ್ನು ಬೇಕೆಂದೇ ಬಳಸಿದೆ. ಒಬ್ಬ ಮೆತ್ತೆಯ ಮೇಲೆ ಕುಕ್ಕರಿಸಿದ. ಇನ್ನೊಬ್ಬ ಅವನನ್ನು ನೋಡಿ ತಾನಾಗಿ ಹಿಂದೆ ಸರಿದ. ನಾನು ಹಗ್ಗ ಬಿಡುತ್ತ ಬಿಡುತ್ತ ಬಸ್ಸಣ್ಣನನ್ನು ನೆಲಕ್ಕೆ ಇಳಿಸಿದೆ. ಅವನ ಮುಖ ಕೆಂಪಡರಿತ್ತು. ಯಾರ ಕಡೆಗೂ ನೋಡಲಿಲ್ಲ. ಪಟ್ಟಿ ಸರಿಮಾಡಿಕೊಂಡು, ಕೈ ಜಾರದಿರಲೆಂದು ಬಿಳಿ ಪುಡಿ ಬಳಿದುಕೊಂಡು, ಬುಡದಿಂದ ಮತ್ತೆ ಶುರುಮಾಡಿದ. ಅದೇ ದೂರದ ಹಿಡಿಕೆಯ ಹತ್ತಿರ ಬಂದ. ಕೃತಕ ಪಾದ ಜಾರಿತು. ಬಿದ್ದ, ಹಗ್ಗ ಹಿಡಿಯಿತು, ತೂಗಾಡಿದ. ಮತ್ತೆ ಚಪ್ಪಾಳೆ.

ಅಕ್ಕ ಜನರ ನಡುವಿನಿಂದ ಮುಂದೆ ಬಂದಳು. "ಯಾಕೆ ತಟ್ಟುತಿದೀರ? ಅವನು ಬಿದ್ದ. ಬಿದ್ದಿದ್ದು ಕಾಣಲಿಲ್ವಾ ನಿಮಗೆ? ನಿಮ್ಮ ಪೈಕಿ ಯಾರಾದ್ರೂ ಬಿದ್ರೆ ಹೀಗೇ ತಟ್ಟುತೀರಾ?"

ಅವಳಿಗೆ ಇಲ್ಲಿನ ಭಾಷೆ ಅಷ್ಟಕ್ಕಷ್ಟೇ. ಆದರೆ ಬೈಯಬೇಕಾದಾಗ ವ್ಯಾಕರಣ ತಾನಾಗಿ ಕೂಡಿಬರುತ್ತದೆ. ಚಪ್ಪಾಳೆ ನಿಂತಿತು. ಲೋಟಗಳು ಎಲ್ಲಿ ನೋಡಬೇಕೆಂದು ತಿಳಿಯದೆ ಒಂದನ್ನೊಂದು ನೋಡಿದವು. ಬಸ್ಸಣ್ಣ, "ಇವತ್ತಿಗೆ ಇಷ್ಟೇ," ಎಂದು ಇಳಿದ.

ಎರಡು ದಿನ ಬಿಟ್ಟು ನಮ್ಮಿಬ್ಬರನ್ನು ಸಕ್ಕರೆರಾಯ ತನ್ನ ಕೋಣೆಗೆ ಕರೆದ. ಕುಂಡಗಳಲ್ಲಿ ಗಿಡಗಳು, ಮೆತ್ತನೆಯ ದೀಪ, ಗೋಡೆಯ ಮೇಲೆ ಇನ್ನೂ ಅಕ್ಕನ ಮುಖದ ಭಿತ್ತಿಪತ್ರ. ನಿಮ್ಮ ಹತ್ತಿರ ಸಿಟ್ಟು ಹೆಚ್ಚಿದೆ, ಇಲ್ಲಿ ಎಲ್ಲರಿಗೂ ಹಾಯಾಗಿರಬೇಕು, ಸ್ವಲ್ಪ ಕಾಲ ನೀವು ದೂರ ಇದ್ದರೆ ಎಲ್ಲರಿಗೂ ಒಳ್ಳೆಯದು ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದ.

"ಎಲ್ಲರಿಗೂ ಅಂದ್ರೆ ನಿಮಗೆ," ಎಂದಳು ಅಕ್ಕ.

"ಈ ಮಾತಿನಿಂದ ನನಗೆ ನೋವಾಯ್ತು."

"ಆಗ್ಲಿ."

ಅಲ್ಲಿಂದ ಹೊರಬೀಳುವವರೆಗೆ ತಲೆಯೆತ್ತಿಕೊಂಡೇ ನಡೆದಳು. ಆದರೆ ಮನೆಗೆ ಹೋಗಿ ಅಡುಗೆಮನೆಯಲ್ಲಿ ಬೂಟು ಬಿಚ್ಚದೆ ಕೂತಳು. ಅತ್ತಳು ಎಂದು ಬರೆದರೆ ನನ್ನನ್ನು ಉಳಿಸುವುದಿಲ್ಲ. ಮೂಗು ಒರೆಸಿಕೊಂಡಳು. "ನಾನೇನು ಕೇಳಿದ್ದೆ ಹೇಳು? ಆ ತುದಿ ಹಿಡ್ಕೊಳ್ಳಿ ಅಂದೆ. ಅಷ್ಟೇ ತಾನೇ?" ಎಂದಳು. ನಾನು ಒಲೆಯ ಮೇಲೆ ನೀರಿಟ್ಟೆ. ಸಮಾಧಾನದ ಮಾತು ಹೇಳಿದ್ದರೆ ಉಗಿಸಿಕೊಳ್ಳುತ್ತಿದ್ದೆ.

ದಾರಿ ತೋರಿಸಿದವನು ಬಸ್ಸಣ್ಣ. ಅವನು ಓಡಿಸುತ್ತಿದ್ದ ಬಸ್ಸಿನ ಕೊನೆಯ ನಿಲ್ದಾಣದ ಆಚೆ ಕೆಲಸ ನಿಂತ ಕಲ್ಲುಗಣಿ ಇತ್ತು. ಅದರ ಒಂದು ಬದಿಯ ಬಂಡೆಯನ್ನು ಪುರಸಭೆಯವರು ಹತ್ತುವವರಿಗೆಂದೇ ಬಿಟ್ಟುಕೊಟ್ಟಿದ್ದರು. ಆದರೆ ಕೂಟದವರು ಅಲ್ಲಿಗೆ ಬರುತ್ತಿರಲಿಲ್ಲ. ಅಲ್ಲಿ ಕಾಫಿ ಸಿಗುವುದಿಲ್ಲ. ಮಾತಾಡದ ಮೇಲ್ವಿಚಾರಕ ತನ್ನ ರಜೆಯ ದಿನ ಬಂದು, ಬಂಡೆಯ ಮೇಲಿನ ಕಬ್ಬಿಣದ ಬಳೆಗಳನ್ನು ಒಂದೊಂದಾಗಿ ಎಳೆದು ನೋಡಿ, ಸಡಿಲವಾಗಿದ್ದವನ್ನು ಕಿತ್ತು ಹೊಸದು ಕೂರಿಸಿದ. ಯಾಕೆ ಬಂದೆ ಎಂದು ಅಕ್ಕ ಕೇಳಿದ್ದಕ್ಕೆ ಭುಜ ಹಾರಿಸಿದ, ಅಷ್ಟೇ.

ಬಂಡೆಗೆ ಯಾರ ಮುಲಾಜೂ ಇಲ್ಲ. ಬಣ್ಣದ ಹಿಡಿಕೆ ಇಲ್ಲ, ಎಲ್ಲಿ ಕಾಲಿಡಬೇಕೆಂದು ಅದು ಹೇಳುವುದಿಲ್ಲ. ಮೊದಲ ದಿನ ಅಕ್ಕನೇ ಆಳೆತ್ತರ ದಾಟದೆ ಬೆರಳು ಕೆತ್ತಿಸಿಕೊಂಡು ಇಳಿದಳು. ದರ್ಜಿ ಕೋಳಿಯ ಅಭಿನಯ ಮಾಡಿ ತೋರಿಸಿದಳು. ಅಕ್ಕ ಬೆರಳಿಗೆ ಪಟ್ಟಿ ಸುತ್ತಿಕೊಂಡು ಮತ್ತೆ ಹತ್ತಿದಳು. ದರ್ಜಿ ಬಂಡೆಯ ಮೇಲಿದ್ದಾಗ ಕೆಳಗಿನವರ ತುಟಿ ಕಾಣುವುದಿಲ್ಲ. ಅದಕ್ಕೆ ಹಗ್ಗದಲ್ಲೇ ಭಾಷೆ ಮಾಡಿಕೊಂಡೆವು. ಒಂದು ಜಗ್ಗು ಎಂದರೆ ನಿಲ್ಲು, ಎರಡು ಎಂದರೆ ಇಳಿಸುತ್ತೇನೆ. ರಸ್ತೆಯಿಂದ ಬಂಡೆಯವರೆಗಿನ ಜಲ್ಲಿಯ ದಾರಿಯಲ್ಲಿ ಬಸ್ಸಣ್ಣನ ಕೃತಕ ಕಾಲು ನಿಲ್ಲುತ್ತಿರಲಿಲ್ಲ. ಭಾವ ಒಂದು ಭಾನುವಾರ ಗೊಣಗುತ್ತಲೇ ವ್ಯಾನು ತಂದು, ನಮ್ಮ ಕಾರ್ಖಾನೆ ಬಿಸಾಡಿದ್ದ ಉದ್ದನೆಯ ರಬ್ಬರ್ ಪಟ್ಟಿಗಳನ್ನು ದಾರಿಯುದ್ದಕ್ಕೂ ಹಾಸಿದರು. ಒಗೆಯುವ ಯಂತ್ರಗಳಿಗೆ ಬಟ್ಟೆ ಸಾಗಿಸುತ್ತಿದ್ದ ಪಟ್ಟಿಗಳವು. "ಹುಚ್ಚರ ಸಹವಾಸ," ಎಂದು ಹೇಳುತ್ತ ಪ್ರತಿ ಅಂಚಿಗೂ ಕಲ್ಲು ಹೇರಿದರು. ಆ ಪಟ್ಟಿಯ ಮೇಲೆ ಆಮೇಲೆ ಗಾಲಿಕುರ್ಚಿಗಳೂ ಬಂದವು.

ಜನ ಹೇಗೆ ಬಂದರು ಎಂದರೆ ನನಗೆ ಸರಿಯಾದ ಉತ್ತರ ಗೊತ್ತಿಲ್ಲ. ಭಿತ್ತಿಪತ್ರ ಇರಲಿಲ್ಲ, ಹೆಸರೂ ಇರಲಿಲ್ಲ. ಸಕ್ಕರೆರಾಯನ ಕುರ್ಚಿಗಳಲ್ಲಿ ಕೂತು ಬೇಸತ್ತವರು ಒಬ್ಬೊಬ್ಬರಾಗಿ ಬಂದರು. ಕಣ್ಣು ಮಬ್ಬಾದ ಮಾಲಿ, ಮೈತುಂಬ ಬಟ್ಟೆ ಹೊದ್ದು ಹತ್ತುವ ದಾದಿ, ನಮ್ಮ ಹಾಗೆ ಎಲ್ಲಿಂದಲೋ ಬಂದು ಭಾಷೆ ಬಾರದವರು. ಅಚ್ಚರಿಯೆಂದರೆ ಕಾರ್ಯದರ್ಶಿಯ ಹೆಂಡತಿಯೂ ಒಂದು ದಿನ ಬಂದು, ನೋಡಿಕೊಂಡು ಹೋಗ್ತೀನಿ ಎಂದು ಹೇಳಿ, ಸಂಜೆಯವರೆಗೆ ಹಗ್ಗ ಹಿಡಿದು ಹೋದಳು. ಬಂದವರಿಗೆಲ್ಲ ಅಕ್ಕ ಕೇಳುತ್ತಿದ್ದದ್ದು ಒಂದೇ: "ಹಗ್ಗ ಹಿಡಿಯೋಕೆ ಬರುತ್ತಾ?" ಬರದಿದ್ದರೆ ಕಲಿಸುವುದು ನನ್ನ ಕೆಲಸ. ಹತ್ತುವುದು ಆಮೇಲೆ. ನಾನು ಹತ್ತಿದ್ದು ಹೆಚ್ಚೆಂದರೆ ಬಾಗಿಲಿನ ಎತ್ತರ. ನನಗೆ ಅಷ್ಟು ಸಾಕು, ಆ ಬಗ್ಗೆ ಯಾರೂ ಭಾಷಣ ಮಾಡಬೇಕಾಗಿಲ್ಲ.

ಸಕ್ಕರೆರಾಯ ಒಮ್ಮೆ ಕ್ಯಾಮೆರಾದವನನ್ನು ಕರೆದುಕೊಂಡು ಬಂದ. ಕೈಜೋಡಿಸೋಣ, ಇದಕ್ಕೊಂದು ಚೆಂದದ ಹೆಸರಿಡೋಣ, ನಾನು ಮೊದಲಿನಿಂದ ಕಂಡ ಕನಸೇ ಇದು ಎಂದ. ಅಕ್ಕ ಅವನ ಕೈಗೆ ಹಗ್ಗದ ತುದಿ ಕೊಟ್ಟಳು. "ಮಾಲಿ ಹತ್ತುತಾನೆ, ಹಿಡೀರಿ."

ಅವನು ಹಗ್ಗ ನೋಡಿದ, ಅವಳನ್ನು ನೋಡಿದ. ಭುಜ ನೋಯುತ್ತದೆ, ಹಿಡಿದು ವರ್ಷಗಳಾದವು ಎಂದ. ಗೋಡೆ ಹತ್ತುವವರ ಕೂಟದ ಮುಖ್ಯಸ್ಥ! ಹಗ್ಗವನ್ನು ವಾಪಸು ಕೊಟ್ಟು, ರಬ್ಬರ್ ಪಟ್ಟಿಯ ಫೋಟೋ ತೆಗೆಸಿಕೊಂಡು ಹೋದ. ಆ ಪಟ್ಟಿಯ ಚಿತ್ರ ಈಗ ಗಿರಣಿಯ ಗೋಡೆಯ ಮೇಲಿದೆಯಂತೆ. ನಾನು ನೋಡಲು ಹೋಗಿಲ್ಲ.

ಅಕ್ಕನನ್ನು ದೇವತೆ ಮಾಡಲು ನಾನು ಇದನ್ನೆಲ್ಲ ಬರೆಯುತ್ತಿಲ್ಲ. ಅವಳ ನಾಲಿಗೆ ಕೆಲವೊಮ್ಮೆ ತಪ್ಪು ಜಾಗದಲ್ಲೂ ಕುಯ್ಯುತ್ತದೆ. ಕಳೆದ ಬೇಸಿಗೆಯಲ್ಲಿ ಮೆಲುದನಿಯ ಹೆಂಗಸೊಬ್ಬಳು ಬಂದಳು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವಳು. ಕೈಕಾಲು ಸರಿಯಾಗಿದ್ದವು, ಆದರೆ ಜನರ ನಡುವೆ ನಿಂತರೆ ನಡುಕ. ಗಂಟು ಹಾಕುವಾಗ ಬೆರಳು ಅದುರಿ ಮೂರು ಸಲ ತಪ್ಪಿತು. ಅಕ್ಕ ಎಲ್ಲರಿಗೂ ಹೇಳುವ ಹಾಗೆಯೇ, "ನಿನ್ನ ಬೂಟಿನ ದಾರ ಕಟ್ಟೋಕೂ ಆಳು ಇಟ್ಟಿದೀಯಾ?" ಎಂದಳು. ಬೇರೆ ಯಾರಾದರೂ ಆಗಿದ್ದರೆ ತಿರುಗಿ ಬೈಯುತ್ತಿದ್ದರು. ಆ ಹೆಂಗಸು ಹಗ್ಗವನ್ನು ಮೆಲ್ಲಗೆ ನೆಲದ ಮೇಲಿಟ್ಟು, ಜಲ್ಲಿಯ ಮೇಲೆ ಸದ್ದಾಗದಂತೆ ನಡೆದು ಹೋದಳು.

"ಅಕ್ಕ, ಅದು ಬೇಕಿತ್ತಾ?" ಎಂದೆ.

"ನಾನೇನು ಹೊಸದಾಗಿ ಹೇಳಿದೆ? ನಿಮಗೆಲ್ಲ ಹೇಳೋದನ್ನೇ ಹೇಳಿದ್ದು."

ದರ್ಜಿ ಅದನ್ನು ಬಿಡಲಿಲ್ಲ. ಅಕ್ಕನ ಎದುರು ನಿಂತು, ಬೊಗಳುವ ನಾಯಿಯನ್ನು ಮಾಡಿ ತೋರಿಸಿದಳು. ಹಲ್ಲು, ಜೊಲ್ಲು, ಎಲ್ಲವೂ ಇತ್ತು. ಯಾರೂ ನಗಲಿಲ್ಲ. ಆಮೇಲೆ ಸಕ್ಕರೆರಾಯನ ಹಾಗೆ ಎದೆಯ ಮೇಲೆ ಕೈಯಿಟ್ಟು ಅಕ್ಕನ ಕಡೆಗೆ ಬೆರಳು ತೋರಿಸಿದಳು: ಅವನೂ ನೀನೂ ಒಂದೇ, ಅವನು ಸಿಹಿಯಿಂದ ಓಡಿಸುತ್ತಾನೆ, ನೀನು ಖಾರದಿಂದ. ಸನ್ನೆ ಅಷ್ಟು ಸ್ಪಷ್ಟವಾಗಿತ್ತು. ಅಕ್ಕನ ಮುಖ ಬಿಳುಚಿತು. ಅವಳಿಗೆ ಅದಕ್ಕಿಂತ ದೊಡ್ಡ ಬೈಗುಳ ಯಾರೂ ಬೈದಿರಲಿಲ್ಲ.

ಅಂದಿನಿಂದ ಇಬ್ಬರೂ ಸನ್ನೆ ಬಿಟ್ಟಿದ್ದಾರೆ. ದರ್ಜಿ ಗ್ರಂಥಾಲಯಕ್ಕೇ ಹೋಗಿ ಆ ಹೆಂಗಸನ್ನು ಹುಡುಕಿದಳು. ಅವಳಂಥ ಇನ್ನೂ ಕೆಲವರು ಸಿಕ್ಕರು. ಈಗ ಬುಧವಾರ ಸಂಜೆ ದರ್ಜಿಯ ಗುಂಪು, ಭಾನುವಾರ ಅಕ್ಕನ ಗುಂಪು. ಬುಧವಾರ ಅಲ್ಲಿ ಬೈಗುಳವಿಲ್ಲ, ಮಾತೇ ಕಡಿಮೆ; ಹಗ್ಗ ಉಜ್ಜುವ ಸದ್ದೊಂದೇ. ನಾನೂ ಬಸ್ಸಣ್ಣನೂ ಎರಡು ಕಡೆಗೂ ಹೋಗುತ್ತೇವೆ. ಬುಧವಾರ ಎಷ್ಟು ಜನ ಬಂದಿದ್ದರು ಎಂದು ಅಕ್ಕ ಕೇಳುವುದಿಲ್ಲ. ಕೇಳದೆ ಇರುವುದಕ್ಕೆ ಅವಳು ಪಡುವ ಕಷ್ಟ ನನಗೆ ಕಾಣುತ್ತದೆ.

ಕಳೆದ ಭಾನುವಾರ ಜನ ಕಡಿಮೆ ಇದ್ದರು. ದರ್ಜಿ ಬಂದಿದ್ದಳು, ಆದರೆ ನಾನು ಬಸ್ಸಣ್ಣನ ಹಗ್ಗ ಹಿಡಿದಿದ್ದೆ; ದರ್ಜಿಯ ಹಗ್ಗ ಹಿಡಿಯಲು ಕೈ ಖಾಲಿ ಇದ್ದವಳು ಅಕ್ಕ ಒಬ್ಬಳೇ. ಅಕ್ಕ ಎದ್ದುಹೋಗಿ ದರ್ಜಿಯ ಗಂಟನ್ನು ಎಳೆದು ಪರೀಕ್ಷಿಸಿದಳು. ದರ್ಜಿ ಅಕ್ಕನ ಬಿಲ್ಲೆಯನ್ನು ಎಳೆದು ಪರೀಕ್ಷಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದರ್ಜಿ ಬಹಳ ಮೇಲೆ ಹೋಗಿ ಜಾರಿದಳು, ಅಕ್ಕ ಹಿಡಿದಳು, ಹಗ್ಗ ಎರಡು ಸಲ ಜಗ್ಗಿ, ಗಾಜಿನ ಸಾಮಾನು ಇಳಿಸುವಷ್ಟು ನಿಧಾನವಾಗಿ ಇಳಿಸಿದಳು. ನೆಲ ಮುಟ್ಟಿದ ಮೇಲೆ ದರ್ಜಿ ಗಂಟು ಬಿಚ್ಚಿ ಆ ಕಡೆ ಹೋದಳು, ಅಕ್ಕ ಈ ಕಡೆ ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕೂತಳು.

"ಮೊದಲಿಗಿಂತ ಚೆನ್ನಾಗಿ ಕಾಲಿಡ್ತಾಳೆ," ಎಂದಳು, ಯಾರೋ ಅವಳ ಜೇಬಿಗೆ ಕೈಹಾಕಿದ ಹಾಗೆ ಮುಖ ಮಾಡಿಕೊಂಡು.

"ಅವಳಿಗೇ ಹೇಳು," ಎಂದೆ.

"ನೀನು ಸುಮ್ನಿರು," ಎಂದಳು ಅಕ್ಕ, ಮತ್ತು ಮಾಲಿಯ ಗಂಟು ನೋಡಲು ಎದ್ದುಹೋದಳು.